ಭಾವನ ಕೈಗುಣ

ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಆ ಲೆನ್ಸು ಅಕ್ಕನ ಹಳೆಯ ಸ್ವೆಟರಿನ ಕತ್ತರಿಸಿದ ತೋಳಿನೊಳಗೆ ಮುದುಡಿಕೊಂಡು ತಂಗಿಯ ಮೇಜಿನ ಮೂಲೆಯಲ್ಲಿ ಕೂತಿತ್ತು. ಅವಳು ಅದೊಂದನ್ನು ಬಿಟ್ಟು ಉಳಿದ ಎಲ್ಲ ಕೆಲಸವನ್ನೂ ಮಾಡಿದಳು. ಗಾಜಿನ ಕಪಾಟು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು, ಯಾರೋ ಮಾರಲು ಬಿಟ್ಟುಹೋಗಿದ್ದ ಕ್ಯಾಮೆರಾದ ಚರ್ಮದ ಪಟ್ಟಿಗೆ ಎಣ್ಣೆ ಹಚ್ಚಿದಳು, ಎಣ್ಣೆ ಹೆಚ್ಚಾಯಿತೆಂದು ತನ್ನನ್ನೇ ಬೈದುಕೊಂಡಳು. ಅಂಗಡಿಯ ಇನ್ನೊಂದು ಅರ್ಧ ಗಂಡನದು. ಅಲ್ಲಿ ಬಿಚ್ಚಿಟ್ಟ ಗಡಿಯಾರಗಳ ನಡುವೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವನು ಕೂತಿದ್ದ. ಭೂತಗನ್ನಡಿ ಇದ್ದದ್ದು ಅವನ ಕಣ್ಣಿನಲ್ಲಿ. ಹೆಸರು ಮಾತ್ರ ಅಂಟಿದ್ದು ಅವಳಿಗೆ. ಬಳಸಿದ ಕ್ಯಾಮೆರಾ, ಬಳಸಿದ ಲೆನ್ಸು ಯಾರೇ ತಂದರೂ ಎಲ್ಲಿ ಗೀರಿದೆ, ಎಲ್ಲಿ ಬೂಷ್ಟು ಹಿಡಿದಿದೆ, ಯಾವ ತಿರುಪನ್ನು ಯಾರೋ ಕೈಲಾಗದವರು ತಿರುಗಿಸಲು ಹೋಗಿ ಹಾಳುಮಾಡಿದ್ದಾರೆ ಎಂದು ಹೇಳಿ ಅದರ ಬೆಲೆ ಕಟ್ಟುವುದು ಅವಳ ಕಸುಬು. ಕಸುಬು ಕಣ್ಣಿನಲ್ಲೇ ಉಳಿದುಹೋಗಿತ್ತು. ಮದುವೆಮನೆಗೆ ಹೋದರೆ ಹೊಸ ಸೀರೆಯ ಎಳೆ ಜಗ್ಗಿರುವುದೇ ಮೊದಲು ಕಾಣುತ್ತಿತ್ತು, ಯಾರಾದರೂ ಹಸುಗೂಸನ್ನು ಕೈಗಿತ್ತರೆ ಒಂದು ಕಿವಿ ಇನ್ನೊಂದಕ್ಕಿಂತ ಚಿಕ್ಕದಿರುವುದು. ಬಂಧುಗಳು ಅವಳ ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಈಚೆಗೆ ಎದುರಿಗೇ ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಮನೆಗೆ ಬಂದ ಮೇಲೆ ಆ ನಗು ಕೆನ್ನೆಯಲ್ಲಿ ನೋಯುತ್ತಿತ್ತು.

ಲೆನ್ಸು ತಂದುಕೊಟ್ಟದ್ದು ಅಕ್ಕ. ಒಳಗೆ ಬಂದು ಕೂರಲೂ ಇಲ್ಲ, ಬಾಗಿಲಲ್ಲೇ ನಿಂತು, “ತಗೋಳೇ, ನಿಮ್ಮ ಭಾವ ಕಳಿಸಿದಾರೆ. ಹಲ್ಲಿನ ಡಾಕ್ಟರೊಬ್ಬರು ಕ್ಯಾಮೆರಾ ಸಮೇತ ಕೊಂಡ್ಕೋತಾರಂತೆ. ಅವರಿಗೆ ಹಳೇದೆಲ್ಲ ಕೂಡಿಡೋ ಹುಚ್ಚಂತೆ. ಕೊಂಡ ಮೇಲೆ ನಿಮ್ಮ ಭಾವನ್ನೇ ಕೂರಿಸಿ ಫೋಟೋ ತೆಗೀತಾರಂತೆ. ಬೆಲೆ ಮಾತ್ರ ನೀನೇ ಹೇಳ್ಬೇಕಂತೆ, ಬೇರೆಯವರ ಮಾತು ಬೇಡವಂತೆ” ಎಂದಳು.

“ಮಾರ್ತಾರಾ? ಭಾವ?”

“ಸ್ಟುಡಿಯೋನೇ ಮುಚ್ತಾರಂತೆ. ಕಣ್ಣು ಸಾಲದು ಅಂತಾರೆ. ಕಣ್ಣಿನ ಡಾಕ್ಟ್ರು ಏನೂ ಆಗಿಲ್ಲ ಅಂತಾರೆ, ಇವರು ಆಗಿದೆ ಅಂತಾರೆ. ಇಬ್ಬರ ನಡುವೆ ನಾನ್ಯಾಕೆ ಬಾಯಿ ಹಾಕ್ಲಿ?” ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೇಸರವಾದಾಗ ಅಕ್ಕನಿಗೆ ಅಳು ಬರುತ್ತಿರಲಿಲ್ಲ, ನೆಗಡಿ ಬರುತ್ತಿತ್ತು. “ಸಂಜೆ ನೀನೇ ತಗೊಂಡ್ಬಾ. ಡಾಕ್ಟ್ರು ಫೋನ್ ಮಾಡ್ತಾರಂತೆ.”

ಸ್ವೆಟರಿನ ತೋಳನ್ನು ಬಿಚ್ಚದೆಯೇ ಆ ಹಿತ್ತಾಳೆಯ ತಂಪು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ತಾಯಿ ತೀರಿಕೊಂಡ ವರ್ಷ, ಇನ್ನೂ ಲಂಗದ ಅಂಚು ಕಚ್ಚುವ ಅಭ್ಯಾಸ ಬಿಡದಿದ್ದ ಅವಳನ್ನು ಅಕ್ಕ ತನ್ನ ಮನೆಗೆ ಕರೆತಂದಿದ್ದಳು. ಹೊಸದಾಗಿ ಮದುವೆಯಾದವರ ಮನೆ. ಇದ್ದದ್ದೇ ಎರಡು ಕೋಣೆ, ಬೀದಿಯ ಕಡೆಗೆ ಸ್ಟುಡಿಯೋ. ತಾನೊಂದು ಹೆಚ್ಚಿನ ಸಾಮಾನು ಎಂದು ಅವಳು ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದಳು. ಒಂದು ಮಧ್ಯಾಹ್ನ ಭಾವ ಮರದ ಕ್ಯಾಮೆರಾದ ಹಿಂದಿನ ಕರಿಬಟ್ಟೆಯನ್ನು ಎತ್ತಿ ಹಿಡಿದು, “ಬಾ ಮರಿ, ನಿಮ್ಮಕ್ಕನ್ನ ತಲೆಕೆಳಗು ಮಾಡಿದೀನಿ, ನೋಡು” ಎಂದಿದ್ದರು. ಬಟ್ಟೆಯ ಒಳಗೆ ಅವರ ಬೆವರಿನ, ಔಷಧಿ ನೀರಿನ ವಾಸನೆ. ಮುಂದೆ ಮಂಜುಗಾಜಿನ ಮೇಲೆ ಅಕ್ಕ ಬಾವಲಿಯ ಹಾಗೆ ನೇತಾಡುತ್ತ ಕೂದಲು ಬಾಚಿಕೊಳ್ಳುತ್ತಿದ್ದಳು, ಮತ್ತು ಅವಳ ಸುತ್ತ ಹಾಲು ಚೆಲ್ಲಿದಂಥ ಬೆಳಕಿತ್ತು. “ಬೆಳದಿಂಗಳು!” ಎಂದಿದ್ದಳು ಅವಳು. ಭಾವ ಚಿತ್ರವನ್ನು ಸ್ಪಷ್ಟಗೊಳಿಸುವ ತಿರುಗಣೆಯನ್ನು ಹಿಂದೆ ಮುಂದೆ ಆಡಿಸುತ್ತಲೇ ಇದ್ದರು. ಆಮೇಲೆ ಊರೂ ಅದನ್ನೇ ಹೇಳಿತು. ಪಾಸ್‌ಪೋರ್ಟಿನ ಚಿಕ್ಕ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ, ಅದನ್ನು ತೆಗೆಯುವ ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ. ಆದರೆ ಮುಖದ ಮೇಲೆ ಬೆಳದಿಂಗಳು ತರುವುದು ಅವರೊಬ್ಬರಿಗೇ ಗೊತ್ತು, ಅದು ಅವರ ಕೈಗುಣ ಎಂದು. ದೂರದಿಂದ ಜನ ಬರುತ್ತಿದ್ದರು. ಹೊಗಳಿದರೆ ಭಾವ ತಲೆ ತಗ್ಗಿಸಿ ಕೈ ಮುಗಿಯುತ್ತಿದ್ದರು. ಎಂಥ ವಿನಯ ಎಂದು ಜನ ಅದನ್ನೂ ಹೊಗಳುತ್ತಿದ್ದರು.

ಅವಳು ಕಾಲೇಜಿಗೆ ಹೋಗುವಾಗ ಭಾವ ತೆಗೆದ ಅವಳದೊಂದು ದೊಡ್ಡ ಫೋಟೋ ಸ್ಟುಡಿಯೋದ ಕಿಟಕಿಯಲ್ಲಿ, ಬೀದಿಗೆ ಮುಖ ಮಾಡಿ ನಿಂತಿತು. ಒಂದು ಕೆನ್ನೆಯ ಮೇಲಿನ ಸಿಡುಬಿನ ಗುಳಿಗಳಿಲ್ಲ, ಒಂದು ಹುಬ್ಬು ಮೇಲೆ ಒಂದು ಹುಬ್ಬು ಕೆಳಗೆ ಎಂಬುದಿಲ್ಲ; ಯಾರೋ ಒಳಗಿನಿಂದ ದೀಪ ಹಚ್ಚಿಟ್ಟ ಹುಡುಗಿ. ಜೊತೆಯವಳೊಬ್ಬಳು ಕಿಟಕಿಯ ಮುಂದೆ ನಿಂತು, ಅವಳನ್ನು ನೋಡಿ, ಫೋಟೋ ನೋಡಿ, ಮತ್ತೆ ಅವಳನ್ನು ನೋಡಿ, “ಇದು ನೀನೇನಾ?” ಎಂದಳು. ಅಷ್ಟೇ. ಆ ‘ನೀನೇನಾ’ದ ಕೊನೆಯ ದೀರ್ಘ ಇವತ್ತಿಗೂ ಕಿವಿಯಲ್ಲಿ ಎಳೆಯುತ್ತಿತ್ತು. ಆದರೂ ಅವಳು ಒಂದನ್ನು ಗುಟ್ಟಾಗಿ ನಂಬಿದ್ದಳು: ಉಳಿದವರಿಗೆ ತಾನು ಹೇಗಾದರೂ ಕಾಣಲಿ, ಭಾವನ ಕಣ್ಣಿಗೆ ತಾನು ಕಂಡದ್ದು ಹೀಗೆ. ಲೋಕದಲ್ಲಿ ಒಬ್ಬರಿಗಾದರೂ. ನಲವತ್ತು ದಾಟಿದ ಮೇಲೂ, ಬೇರೆಯವರ ಸಾಮಾನಿನ ಕುಂದು ಎಣಿಸುತ್ತ ಕೂತ ಅವಳನ್ನು ಈ ನಂಬಿಕೆ ಒಂದು ಬೆಚ್ಚಗಿನ ಕಿಸೆಯ ಹಾಗೆ ಕಾಪಾಡಿತ್ತು.

ಕೊನೆಗೆ ತೋಳನ್ನು ಬಿಚ್ಚಿದಳು. ಹಿತ್ತಾಳೆ ಸೊಗಸಾಗಿ ಕಪ್ಪಾಗಿತ್ತು, ಬೆರಳು ತಾಗುವ ಕಡೆ ಮಾತ್ರ ಹೊನ್ನು. ಟಾರ್ಚು ಹಾಕಿ ಮುಂದಿನ ಗಾಜಿನಲ್ಲಿ ಇಣುಕಿದಳು. ಗೀರಿಲ್ಲ. ಬೂಷ್ಟಿಲ್ಲ. ಅಂಚಿನಲ್ಲಿ ಒಂದು ಚಿಕ್ಕ ಗುಳ್ಳೆ, ಅದು ಹುಟ್ಟಿನಿಂದ ಬಂದದ್ದು, ಲೆಕ್ಕಕ್ಕಿಲ್ಲ. ಭಾವ ಇದನ್ನು ಕ್ಯಾಮೆರಾದಿಂದ ಬಿಚ್ಚಿದ್ದನ್ನೇ ಅವಳು ಕಂಡಿರಲಿಲ್ಲ. ಮುಟ್ಟಲು ಹೋದರೆ “ಬೇಡ ಮರಿ, ಇರೋದು ಇದ್ದ ಹಾಗಿರಲಿ” ಎನ್ನುತ್ತಿದ್ದರು. ಹಿಂಭಾಗಕ್ಕೆ ಟಾರ್ಚು ತಿರುಗಿಸಿದಾಗ ಗಾಜಿನಲ್ಲಿ ಬಿದ್ದ ಬೆಳಕಿನ ಚುಕ್ಕೆಗಳಲ್ಲಿ ಒಂದು, ಇರಬೇಕಾದ ಕಡೆ ಇರಲಿಲ್ಲ. ಅವಳ ಬೆನ್ನು ನೆಟ್ಟಗಾಯಿತು. ಹಿಂದಿನ ಉಂಗುರ ಬಿಚ್ಚಿದಳು. ಅಲ್ಲಿ ಜೋಡಿ ಗಾಜುಗಳು. ಒಂದರ ಉಬ್ಬು ಎತ್ತ ಇರಬೇಕಿತ್ತೋ ಅತ್ತ ಇಲ್ಲ. ಗಾಜು ಮಗುಚಿ ಕೂತಿತ್ತು. ಯಾವುದೋ ಕಾಲದಲ್ಲಿ, ಭಾವ ಇದನ್ನು ಹಳೆಯದಾಗಿ ಕೊಳ್ಳುವ ಮೊದಲೇ ಇರಬೇಕು, ಯಾರೋ ಬಿಚ್ಚಿ ತೊಳೆದು ತಿರುಗುಮುರುಗಾಗಿ ಕೂರಿಸಿದ್ದರು. ಉಂಗುರದ ಸುತ್ತ ಕಟ್ಟಿದ್ದ ಕಿಲುಬು ಆಮೇಲೆ ಅದನ್ನು ಯಾರೂ ತೆರೆದಿಲ್ಲವೆಂದು ಹೇಳುತ್ತಿತ್ತು. “ಸಿಕ್ಕಿತು!” ಎಂದುಬಿಟ್ಟಳು, ಗಟ್ಟಿಯಾಗಿ. ಗಂಡ ತಲೆಯೆತ್ತಿದ. ಆಗ ಅವಳಿಗೆ ನಾಚಿಕೆಯಾಯಿತು. ಕುಂದು ಕಂಡ ಕೂಡಲೇ ಮೊದಲು ಬಂದದ್ದು ಖುಷಿ. ಅದು ಯಾರ ಲೆನ್ಸು, ಅದರಿಂದ ಏನು ಮುರಿಯುತ್ತದೆ ಎಂಬುದೆಲ್ಲ ಅದರ ಹಿಂದೆ ನಿಧಾನವಾಗಿ, ಮುದುಕರ ಹಾಗೆ, ಕಾಲೆಳೆಯುತ್ತ ಬಂತು. ಮಗುಚಿದ ಗಾಜು ಚಿತ್ರವನ್ನು ಮಸುಕಾಗಿಸಿ ಬೆಳಕನ್ನು ಹಾಲಿನ ಹಾಗೆ ಹರಡುತ್ತದೆ. ಬೆಳದಿಂಗಳು ಕೈಗುಣವಲ್ಲ. ಯಾರೋ ಗೊತ್ತಿಲ್ಲದವರ ಅಜಾಗರೂಕತೆ. ಕಿಟಕಿಯ ಹುಡುಗಿಯನ್ನು ಹಾಗೆ ಕಂಡದ್ದು ಭಾವನ ಕಣ್ಣಲ್ಲ, ಮಗುಚಿ ಬಿದ್ದ ಗಾಜು.

“ಒಂದು ನಿಮಿಷ ಬಂದು ಇಲ್ಲಿ ಕೂತ್ಕೊಳ್ರೀ” ಎಂದು ಗಂಡನನ್ನು ಬಾಗಿಲ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದಳು. ಪರೀಕ್ಷೆಗೆಂದೇ ಇಟ್ಟಿದ್ದ ಪೆಟ್ಟಿಗೆ ಕ್ಯಾಮೆರಾಕ್ಕೆ ಲೆನ್ಸು ಸಿಕ್ಕಿಸಿ ನೋಡಿದಳು. ಇದ್ದ ಹಾಗೆ ನೋಡಿದರೆ ಅವನು ಸಂತನಂತಿದ್ದ, ತಲೆಯ ಸುತ್ತ ಪ್ರಭೆ. ಗಾಜನ್ನು ಸರಿಯಾಗಿ ತಿರುಗಿಸಿ ಕೂರಿಸಿ ನೋಡಿದಳು. ಅಬ್ಬ! ರೆಪ್ಪೆಯ ಕೂದಲು ಎಣಿಸಬಹುದು. ಮೂಗಿನ ಪಕ್ಕದ ನರುಲಿ, ಬೆಳಿಗ್ಗೆ ಕ್ಷೌರದಲ್ಲಿ ಬಿಟ್ಟುಹೋದ ನಾಲ್ಕು ಬಿಳಿಗೂದಲು, ಹುಬ್ಬಿನ ನಡುವೆ ವರ್ಷಗಟ್ಟಲೆ ಭೂತಗನ್ನಡಿ ಸಿಕ್ಕಿಸಿ ಬಿದ್ದ ಗೆರೆ. ಇಷ್ಟು ಚೊಕ್ಕ ಲೆನ್ಸು ಅವಳ ಕೈಗೆ ಬಂದು ಎಷ್ಟೋ ಕಾಲವಾಗಿತ್ತು. ಹಲ್ಲಿನ ಡಾಕ್ಟರು ಕುಣಿದಾಡುತ್ತಾರೆ.

“ಹೇಗಿದೀನಿ?” ಗಂಡ ಕೇಳಿದ.

“ಹೀಗೆ ನೋಡಿದ್ರೆ ಸಂತ, ಹೀಗೆ ನೋಡಿದ್ರೆ ನೀವು.”

“ಯಾರನ್ನ ಇಟ್ಕೋತೀಯ?”

ಅವಳು ನಗಲಿಲ್ಲ. ವಿಷಯ ಹೇಳಿದಳು. ಅವನು ಸ್ಟೂಲಿನ ಮೇಲೇ ಕೂತು ಕೇಳಿದ. “ಸರಿಮಾಡಿದ್ರೆ ಒಳ್ಳೇ ಬೆಲೆ ಬರುತ್ತೆ. ಆದ್ರೆ ಡಾಕ್ಟ್ರು ಕೊಂಡ್ಕೊಂಡ ಮೇಲೆ ಭಾವನ್ನ ಕೂರಿಸಿ ಫೋಟೋ ತೆಗೀತಾರಂತೆ, ಅಕ್ಕ ಹೇಳಿದ್ಲು. ಆ ಫೋಟೋ ಕೈಗೆ ಬಂದ ತಕ್ಷಣ ಭಾವನಿಗೆ ಗೊತ್ತಾಗಿಬಿಡುತ್ತೆ. ಜೀವಮಾನ ಎಲ್ಲ ಕೈಗುಣ ಅಂತ ಅನ್ನಿಸ್ಕೊಂಡು ಬಂದವರಿಗೆ, ಅದು ನಿಮ್ಮದಲ್ಲ, ಮಗುಚಿದ ಗಾಜಿಂದು ಅಂತ ಹೇಳ್ಲಾ?”

“ಹೇಳ್ದೆ ಮೊದಲಿನ ಹಾಗೇ ಮಗುಚಿ ಕೊಟ್ಬಿಡು.”

“ಕೆಟ್ಟಿದೆ ಅಂತ ಗೊತ್ತಿದ್ದೂ ಮುಚ್ಚಿಟ್ಟು ಮಾರ್ಲಾ?”

“ಹಾಗಾದ್ರೆ ಹೇಳು.”

“ನಿಮಗೇನು, ಗಡಿಯಾರ ನಿಂತಿದೆ ಅಂದ್ರೆ ಯಾರೂ ಅಳಲ್ಲ.”

ಅವನು ಎದ್ದು ತನ್ನ ಜಾಗಕ್ಕೆ ಹೋದ. ಹೋಗುತ್ತ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟ, ಸದ್ದು ಮಾಡುವ ಗಡಿಯಾರದ ಮೇಲೆ ಇಡುವ ಹಾಗೆ.

ಮಧ್ಯಾಹ್ನವೆಲ್ಲ ಅವಳು ಗಾಜನ್ನು ಸರಿಮಾಡಿದಳು, ಕೆಡಿಸಿದಳು, ಮತ್ತೆ ಸರಿಮಾಡಿದಳು. ಸಂಜೆ ಹೊರಡುವಾಗ ಅದು ಬಂದ ಹಾಗೆಯೇ, ಮಗುಚಿಕೊಂಡೇ, ಸ್ವೆಟರಿನ ತೋಳು ಸೇರಿತ್ತು. ಭಾವನಿಗೆ ಚೆನ್ನಾಗಿದೆ ಎಂದು, ಫೋನಿನಲ್ಲಿ ಡಾಕ್ಟರಿಗೆ ಮಾತ್ರ ಸಾಧಾರಣ ಎಂದುಬಿಡುವುದು. ಅವರಿಗೆ ಹೇಗಾದರೂ ಬೇಡವೆನಿಸುವ ಹಾಗೆ ಮಾಡುವುದು. ದಾರಿಯಲ್ಲಿ ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಬಿದ್ದಾಗ, ಅದರ ಮೇಲೆ ಬೀದಿಯ ಅಂಗಡಿಗಳು ಓಡುತ್ತಿದ್ದಾಗ, ತಾನು ಕಾಪಾಡುತ್ತಿರುವುದು ಭಾವನನ್ನೋ ಅಥವಾ ಸ್ಟುಡಿಯೋ ಕಿಟಕಿಯ ಆ ಹುಡುಗಿಯನ್ನೋ ಎಂಬ ಪ್ರಶ್ನೆ ಬಂತು. ಅದಕ್ಕೆ ಉತ್ತರ ಕೊಡುವ ಮೊದಲೇ ಇಳಿಯುವ ಜಾಗ ಬಂದದ್ದು ಒಳ್ಳೆಯದಾಯಿತು.

ಸ್ಟುಡಿಯೋದ ಅರ್ಧ ಸಾಮಾನು ಆಗಲೇ ರಟ್ಟಿನ ಪೆಟ್ಟಿಗೆ ಸೇರಿತ್ತು. ಭಾವ ತೋಳು ಮಡಚಿಕೊಂಡು ಮೂರು ಕಾಲಿನ ಮರದ ಕ್ಯಾಮೆರಾದ ಪಕ್ಕ ನಿಂತಿದ್ದರು. ಲೆನ್ಸಿಲ್ಲದ ಆ ಪೆಟ್ಟಿಗೆ ಬಾಯಿ ಬಿಟ್ಟುಕೊಂಡಿತ್ತು. ಭಾವ ಇಳಿದುಹೋಗಿದ್ದರು, ಅಂಗಿಯ ಕತ್ತು ಅವರ ಕತ್ತಿಗಿಂತ ದೊಡ್ಡದಾಗಿತ್ತು. ಅದು ಕಂಡದ್ದಕ್ಕೆ ಅವಳು ತನ್ನ ಕಣ್ಣನ್ನು ಬೈದುಕೊಂಡಳು.

“ಹೇಗಿದೆ ಮರಿ?” ಎಂದರು.

“ಚೆನ್ನಾಗಿದೆ ಭಾವ.”

ಭಾವ ಕನ್ನಡಕ ಮೇಲೆತ್ತಿ ಅವಳನ್ನೇ ನೋಡಿದರು. “ಏನು ಕೆಟ್ಟಿದೆ?”

“ಚೆನ್ನಾಗಿದೆ ಅಂದ್ನಲ್ಲ.”

“ಅದಕ್ಕೇ ಕೇಳಿದ್ದು. ನೀನು ಹುಟ್ಟಿದಾಗಿನಿಂದ ಯಾವುದನ್ನೂ ಚೆನ್ನಾಗಿದೆ ಅಂದವಳಲ್ಲ. ನನ್ನ ಮದುವೆ ದಿನ ನನ್ನ ಮೀಸೆ ಒಂದು ಕಡೆ ಉದ್ದ ಅಂತ ಎಲ್ಲರೆದುರಿಗೂ ಹೇಳಿದವಳು.”

ಟೀ ತಂದ ಅಕ್ಕ ಬಾಗಿಲಲ್ಲೇ, “ಉದ್ದ ಇತ್ತು, ಮತ್ತೆ” ಎಂದಳು.

ಅವಳಿಗೆ ಇನ್ನು ಹಿಡಿದಿಡಲಾಗಲಿಲ್ಲ. ಲೆನ್ಸನ್ನು ಬಿಚ್ಚಿ, ಉಂಗುರ ತೆಗೆದು, ಮಗುಚಿ ಕೂತ ಗಾಜನ್ನು ತೋರಿಸಿದಳು. ಬಾಯಿಂದ ಮಾತುಗಳು ಒಂದರ ಮೇಲೊಂದು ಬಿದ್ದು ಬಂದವು: ಇದು ಬಹಳ ಹಿಂದಿನದು, ಯಾರ ತಪ್ಪೂ ಅಲ್ಲ, ಇದರಿಂದ ಏನೂ ಆಗಿಲ್ಲ, ಎಷ್ಟೋ ಜನ ಬೇಕೆಂದೇ ಹೀಗೆ ಮಾಡಿಸಿಕೊಳ್ಳುತ್ತಾರೆ. ಹೇಳುತ್ತ ಹೇಳುತ್ತ ಅವರ ಮುಖ ನೋಡಲಾಗದೆ ಗಾಜನ್ನೇ ನೋಡುತ್ತಿದ್ದಳು. ಭಾವ ಗಾಜನ್ನು ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಉಬ್ಬನ್ನು ಹೆಬ್ಬೆರಳಿನಿಂದ ಸವರಿದರು.

“ಸರಿಯಾಗಿ ಕೂರಿಸು” ಎಂದರು.

ಕೂರಿಸಿದಳು. ಲೆನ್ಸನ್ನು ಕ್ಯಾಮೆರಾಕ್ಕೆ ಅವರೇ ಸಿಕ್ಕಿಸಿದರು. “ಏ, ಅಲ್ಲೇ ನಿಲ್ಲು” ಎಂದು ಟೀ ತಟ್ಟೆ ಹಿಡಿದಿದ್ದ ಹೆಂಡತಿಗೆ ಹೇಳಿ ಕರಿಬಟ್ಟೆಯೊಳಗೆ ತಲೆ ಹಾಕಿದರು. ತಿರುಗಣೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಹೋಯಿತು. ಆಮೇಲೆ ನಿಂತಿತು. ಟೀ ಕೆನೆಗಟ್ಟಿತು. ಅಕ್ಕ ತಂಗಿಯ ಕಡೆ ನೋಡಿದಳು, ತಂಗಿ ನೆಲದ ಕಡೆ. ತನ್ನ ಜೀವನದಲ್ಲಿ ಮಾಡಿದ ಎಲ್ಲ ಬೆಲೆ ಕಟ್ಟುವಿಕೆಯೂ ಆ ಕ್ಷಣ ಅವಳಿಗೆ ಹೊಲಸೆನಿಸಿತು. ನಾಳೆಯೇ ಅಂಗಡಿ ಮುಚ್ಚಿ ಗಂಡನಿಗೆ ಗಡಿಯಾರ ಒರೆಸಿಕೊಡುತ್ತ ಕೂರುತ್ತೇನೆ ಎಂದುಕೊಂಡಳು.

ಭಾವ ಹೊರಬಂದರು. ಕೂದಲು ಕೆದರಿತ್ತು. ಅವಳು ಹೆದರಿದ್ದ ಮುಖ ಅದಲ್ಲ. ತರಗತಿಯಲ್ಲಿ ತಪ್ಪಾಗಿ ಹೆಸರು ಕೂಗಿ ಎಬ್ಬಿಸಿ ನಿಲ್ಲಿಸಿದ ಹುಡುಗನಿಗೆ, ನೀನಲ್ಲ ಕೂತುಕೋ ಎಂದರೆ ಅವನು ಹೇಗೆ ನೋಡುತ್ತಾನೋ ಹಾಗೆ ನೋಡುತ್ತಿದ್ದರು.

“ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇತ್ತಾ?” ಎಂದರು.

“ಭಾವ?”

“ಮೊದಲ ದಿನದಿಂದ ಮಸುಕು ಮರಿ. ಎಷ್ಟು ಹಿಂದೆ ಮುಂದೆ ಮಾಡಿದ್ರೂ ಮಸುಕು. ಲೆನ್ಸು ದೊಡ್ಡ ಕಂಪನಿಯದು, ಮಾರಿದವರು ಹೆಸರಾಂತವರು. ಅಂದಮೇಲೆ ತಪ್ಪು ಯಾರದು? ನನ್ನ ಕಣ್ಣಿಂದೇ ಅಂದ್ಕೊಂಡೆ. ಹೋಗಿ ಹೇಳೋದು ಯಾರಿಗೆ? ಅಡುಗೆಯವನಿಗೆ ನಾಲಿಗೆ ಇಲ್ಲ ಅಂದಹಾಗೆ ಆಗುತ್ತೆ. ಜನ ನೋಡಿ ಬೆಳದಿಂಗಳು ಅಂದ್ರು. ಇಲ್ಲ ಸ್ವಾಮಿ, ಇದು ನನ್ನ ಕುರುಡು ಅನ್ನೋಕಾಗುತ್ತಾ? ಕೈ ಮುಗಿದೆ. ಅವರು ಹೊಗಳಿದಷ್ಟೂ ಕಳ್ಳನ ಹಾಗೆ ಆಗ್ತಿತ್ತು. ಇವತ್ತು ಸಿಕ್ಕಿಬೀಳ್ತೀನಿ, ನಾಳೆ ಸಿಕ್ಕಿಬೀಳ್ತೀನಿ ಅಂತಲೇ ಇಷ್ಟು ಕಾಲ ಹೋಯ್ತು.”

“ಅದಕ್ಕೇನಾ ಆ ಕನ್ನಡಕಗಳು!” ಅಕ್ಕ ಟೀ ತಟ್ಟೆಯನ್ನು ಪೆಟ್ಟಿಗೆಯ ಮೇಲೆ ಕುಕ್ಕಿದಳು. “ವರ್ಷ ಬಿಟ್ಟು ವರ್ಷ ಹೊಸ ಕನ್ನಡಕ! ಶೋಕಿ ಅಂದ್ಕೊಂಡಿದ್ದೆ. ನನಗೆ ಹೇಳ್ಬಾರ್ದಿತ್ತಾ?”

“ನೀನು ಹೆದರ್ತೀಯ ಅಂತ.”

“ಹೆದರ್ತಿದ್ದೆ. ಜೊತೇಲಿ ಹೆದರ್ತಿದ್ದೆ” ಎಂದಳು ಅಕ್ಕ. ಅವಳಿಗೆ ನೆಗಡಿ ಬಂದುಬಿಟ್ಟಿತ್ತು.

ಭಾವ ಕಿಟಕಿಯ ಕಡೆ ತಿರುಗಿದರು. ಬೀದಿಗೆ ಮುಖ ಮಾಡಿದ್ದ ಫೋಟೋದ ಬೆನ್ನಿನ ರಟ್ಟು ಒಳಗಿನಿಂದ ಕಾಣುತ್ತಿತ್ತು. “ನಿನ್ನ ಫೋಟೋನ ಅಲ್ಲಿ ಯಾಕಿಟ್ಟೆ ಗೊತ್ತಾ?” ಎಂದರು. “ಒಳಗಿಟ್ರೆ ದಿನಾ ನಾನು ನೋಡ್ಬೇಕಲ್ಲ ಅಂತ. ಎಲ್ಲರೂ ಎಷ್ಟು ಚೆಂದ, ಎಷ್ಟು ಚೆಂದ ಅಂದ್ರು. ನನಗೆ ನಿನ್ನ ಮುಖ ಗೊತ್ತು. ಆ ಹುಬ್ಬು, ಒಂದು ಮೇಲೆ ಒಂದು ಕೆಳಗೆ, ಏನೋ ಕೇಳೋಕೆ ಹೊರಟ ಹಾಗೆ. ಸಿಡುಬು ಎದ್ದು ಮಲಗಿದ್ದಾಗ ಕೆರ್ಕೋಬೇಡ ಅಂತ ಕೈ ಹಿಡ್ಕೊಂಡು ಕೂತವನು ನಾನು; ಆ ಗುಳಿ ಯಾವುದು ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ? ಫೋಟೋದಲ್ಲಿ ಅದ್ಯಾವುದೂ ಇಲ್ಲ. ಯಾರದೋ ಮನೆ ಹುಡುಗಿ. ನಿನ್ನ ಒಂದು ಸರಿಯಾದ ಫೋಟೋ ತೆಗೀಲಿಕ್ಕೆ ನನ್ನ ಕೈಲಾಗ್ಲಿಲ್ಲ ಅಂತ ಬೀದಿ ಕಡೆ ತಿರುಗಿಸಿಟ್ಟೆ.”

ಅವಳು ಇಷ್ಟು ವರ್ಷ ಕಿಸೆಯಲ್ಲಿಟ್ಟು ಬೆಚ್ಚಗೆ ಕಾಪಾಡಿಕೊಂಡದ್ದನ್ನು ಭಾವ ಒಂದೇ ಮಾತಿನಲ್ಲಿ ತೆಗೆದು ಬಿಸಾಕಿದ್ದರು. ಆದರೆ ಕಿಸೆ ಬರಿದಾದಂತೆ ಅನಿಸಲಿಲ್ಲ. ಬದಲಾಗಿ, ಸಿಡುಬಿನ ಆ ರಾತ್ರಿಗಳಲ್ಲಿ ಬೆರಳುಗಳನ್ನು ಬಿಗಿಯಾಗಿ ಹಿಡಿದಿದ್ದ ಒಂದು ದೊಡ್ಡ ಒರಟು ಕೈ ನೆನಪಾಯಿತು. ಅದು ಅಕ್ಕನದೆಂದು ಅವಳು ಈವರೆಗೆ ತಿಳಿದಿದ್ದಳು.

“ಕೂತ್ಕೋ” ಎಂದರು ಭಾವ, ಕುರ್ಚಿ ಎಳೆದು. ಅವರ ಕೈ ಚುರುಕಾಗಿತ್ತು. ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಫಿಲ್ಮ್ ಹಾಳೆಗಾಗಿ ತಡಕಾಡುತ್ತಿದ್ದರು.

“ಈಗ್ಲೇನಾ? ತಲೆ ಕೂಡ ಬಾಚಿಲ್ಲ ಭಾವ. ಬಸ್ಸಲ್ಲಿ ಬಂದಿದೀನಿ.”

“ಕೂತ್ಕೋ ಅಂದ್ನಲ್ಲ.”

ಅಕ್ಕ ನಡುವೆ ಬಂದಳು. “ನನ್ನದು ತೆಗೆಯೋದಾದ್ರೆ ಮಾತ್ರ ಆ ಗಾಜು ಮೊದಲಿನ ಹಾಗೇ ಮಗುಚಿ ಹಾಕಿ. ಈ ವಯಸ್ಸಲ್ಲಿ ನನಗೆ ಬೆಳದಿಂಗಳೇ ಸಾಕು.”

“ನಿನಗೆ ಎರಡೂ ತೆಗೀತೀನಿ” ಎಂದರು ಭಾವ. “ಬೆಳದಿಂಗಳು ಊರಿಗೆ. ಇನ್ನೊಂದು ನನಗೆ.” ಅಕ್ಕನ ಮುಖ, ಆ ವಯಸ್ಸಿನಲ್ಲಿ, ಕೆಂಪಾಯಿತು.

ಅವಳು ಕುರ್ಚಿಯಲ್ಲಿ ಕೂತಳು. ಯಾವಾಗಲೂ ಲೆನ್ಸಿನ ಈ ಕಡೆಯಿಂದ ಟಾರ್ಚು ಹಿಡಿದು ಇಣುಕಿದವಳು, ಈಗ ಅದರ ಮುಂದೆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಹೊಸೆಯುತ್ತಿದ್ದಳು. ಅಭ್ಯಾಸಬಲದಿಂದ ಮುಖ ಒಂದಿಷ್ಟು ಓರೆಯಾಗಿ, ಗುಳಿಗಳಿಲ್ಲದ ಕೆನ್ನೆ ಮುಂದಕ್ಕೆ ಬಂತು. “ನೇರ” ಎಂದಿತು ಕರಿಬಟ್ಟೆ. ಅವಳು ನೇರವಾದಳು. ಒಳಗಿನಿಂದ ಭಾವನ ದನಿ ಕೇಳುತ್ತಿತ್ತು, ಅವಳಿಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ: “ಹಾಂ, ಹುಬ್ಬು ಬಂತು… ರೆಪ್ಪೆ… ಅಯ್ಯೋ, ಕಿವಿ ಹತ್ರ ಬಿಳೀಕೂದಲು ಬಂದಿದೆಯಲ್ಲೇ, ಯಾವಾಗ ಬಂತು ಇದು… ಇರಲಿ, ಇರಲಿ…” ಬೆಲೆ ಕಟ್ಟುವವರ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದು ಕಂಡಾಗಲೂ ಅದು ಇಳಿಯುತ್ತ ಹೋಗುತ್ತದೆ. ಈ ದನಿ ಏರುತ್ತಿತ್ತು.

ಭಾವ ಹೊರಬಂದು ಫಿಲ್ಮ್ ಹಾಳೆಯ ಚೌಕಟ್ಟನ್ನು ಸಿಕ್ಕಿಸಿ, ಲೆನ್ಸಿನ ಮುಚ್ಚಳದ ಮೇಲೆ ಕೈಯಿಟ್ಟರು. “ಅಲ್ಲಾಡಬೇಡ ಮರಿ. ಬೆಳಕು ಕಡಿಮೆ ಇದೆ, ಸ್ವಲ್ಪ ಹೊತ್ತು ಬೇಕು.” ಮುಚ್ಚಳ ತೆಗೆದರು.

ಆಗಲೇ ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಹಲ್ಲಿನ ಡಾಕ್ಟರದೇ ಇರಬೇಕು. ಅಕ್ಕ ಗಂಡನ ಮುಖ ನೋಡಿದಳು. ಅವರು ಲೆನ್ಸಿನಿಂದ ಕಣ್ಣು ತೆಗೆಯದೆ ಇಲ್ಲವೆಂದು ತಲೆಯಾಡಿಸಿದರು. ಅಕ್ಕ ಮೂಗು ಒರೆಸಿಕೊಂಡು ಒಳಗೆ ಹೋದಳು. ಅವಳ ದನಿ ಕೇಳಿಸಿತು, ದೊಡ್ಡವರ ಮನೆಯ ಯಜಮಾನಿಯ ಗತ್ತಿನಲ್ಲಿ: “ಇಲ್ಲ ಡಾಕ್ಟ್ರೇ, ಲೆನ್ಸು ಸದ್ಯಕ್ಕೆ ಕೊಡೋಕಾಗಲ್ಲ. ಯಾಕೆ ಅಂದ್ರೆ? ಅವರು ಕೆಲಸದಲ್ಲಿದಾರೆ.”

ಕುರ್ಚಿಯಲ್ಲಿ ಕೂತವಳಿಗೆ ನಗುವೂ ಅಳುವೂ ಒಟ್ಟಿಗೆ ನುಗ್ಗಿಬಂತು. ಎರಡನ್ನೂ ಹಲ್ಲು ಕಚ್ಚಿ ತಡೆದು, ಉಸಿರು ಬಿಗಿಹಿಡಿದು, ನೇರವಾಗಿ ನೋಡುತ್ತ ಕೂತಳು. ಮುಚ್ಚಳ ಇನ್ನೂ ಭಾವನ ಕೈಯಲ್ಲೇ ಇತ್ತು.